ಕುಣಿದ ಹುಳು, ಕಲಿಸಿದ ಮೇಷ್ಟ್ರು

ಮಧುಸೂದನ ಮೇಷ್ಟ್ರ ಅಂದಿನ ಪಾಡಿಗೆಲ್ಲ ಕಾರಣ, ಬೆಳಿಗ್ಗೆ ಹೆಡ್‌ಮಾಸ್ಟರ್ ವೆಂಕಟರವಣಪ್ಪನವರ ಬಾಯಿಂದ ಬಂದ ಒಂದೇ ಒಂದು ಮಾತು: "ಸಪ್ಪೆ ಆಯ್ತಲ್ರೀ!"

ಸಪ್ಪೆಯಾಗಿದ್ದು ಉಪ್ಪಿಟ್ಟಲ್ಲ, ರೇಷ್ಮೆ ಹುಳು. ಮಂಡಿಕಲ್ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮಧುಸೂದನ್ ಮೂರು ವಾರ ಕೂತು ಹುಳುವಿನ ಜೀವನಚಕ್ರದ ಮೇಲೆ ಆರು ನಿಮಿಷದ ವಿಡಿಯೊ ಪಾಠ ಮಾಡಿದ್ದರು. ತೆರೆಯ ಮೇಲೆ ಚಿತ್ರ, ಜೊತೆಗೆ ಅವರದೇ ದನಿ, ಅಷ್ಟೇ. ಮಧ್ಯಾಹ್ನ ಎರಡಕ್ಕೆ ಜಿಲ್ಲಾ ಕಚೇರಿಯ ಕವಿತ ಮೇಡಂ ಬಂದು ನೋಡುವವರಿದ್ದರು. ಮೆಚ್ಚಿದರೆ, ಗೌರಿಬಿದನೂರಿನಲ್ಲಿ ಹೊಸದಾಗಿ ತೆರೆಯುವ ವಿಡಿಯೊ ಪಾಠ ಕೇಂದ್ರಕ್ಕೆ ಹಾಕಿಸಿಕೊಳ್ಳುತ್ತಾರೆಂದು ಸುದ್ದಿ. ಮಧುಸೂದನರ ಮನೆಯಿಂದ ಆ ಕೇಂದ್ರಕ್ಕೆ ನಡೆದರೆ ಏಳು ನಿಮಿಷ. ಈ ಶಾಲೆಗೋ ಎರಡು ಬಸ್ಸು, ಎರಡೂಕಾಲು ಗಂಟೆ. ಮಗಳು ತನುಜ ಎಚ್ಚರವಾಗಿರುವಾಗ ಅವಳನ್ನು ನೋಡಲು ಭಾನುವಾರವೇ ಬರಬೇಕು.

"ತೆರೆ ಮೇಲೆ ಒಂದಕ್ಷರ ಇಲ್ಲ. ಮೇಡಂ ಏನು ಓದ್ಬೇಕು?" ಎಂದರು ಹೆಡ್‌ಮಾಸ್ಟರು.

"ಬೇಕಂತ್ಲೇ ಬಿಟ್ಟಿದೀನಿ ಸಾರ್. ಚಿತ್ರ ಕಣ್ಣಿಗೆ, ಮಾತು ಕಿವಿಗೆ. ಅದೇ ಮಾತನ್ನ ಬರೆದೂ ತೋರಿಸಿದ್ರೆ ಮಕ್ಕಳು ಓದೋದಾ, ಚಿತ್ರ ನೋಡೋದಾ? ತಲೇಲಿ ಒಂದ್ಸಲಕ್ಕೆ ಹಿಡಿಸೋದು ಇಷ್ಟೇ ಇಷ್ಟು. ಸಂಶೋಧನೆ ಮಾಡಿ ಹೇಳಿದಾರೆ."

"ಸಂಶೋಧನೆ ಮಾಡಿದೋರು ಇನ್ಸ್‌ಪೆಕ್ಷನ್‌ಗೆ ಬರ್ತಾರೇನ್ರೀ? ಹಾಕ್ರೀ ಅಕ್ಷರ!"

ಮಧುಸೂದನರು ಅಕ್ಷರ ಹಾಕಿದರು. ಹಾಕುವಷ್ಟರಲ್ಲಿ ಹನ್ನೊಂದೂವರೆ. ಕುರ್ಚಿಯಲ್ಲಿ ಕೂರಲಾಗದೆ ಎದ್ದು ಗೇಟಿನವರೆಗೆ ಹೋಗಿ, ರಸ್ತೆ ನೋಡಿ, ಮತ್ತೆ ಬಂದು ಕೂತರು. ಅಷ್ಟು ಹೊತ್ತಿಗೆ ಕನ್ನಡದ ಅನಸೂಯಮ್ಮ ಪಕ್ಕದಲ್ಲಿ ನಿಂತಿದ್ದರು.

"ಹಿಂದೆ ಒಂದು ಸಂಗೀತನೂ ಇಲ್ವಲ್ಲಪ್ಪ ಮಧು. ಸಾವಿನ ಮನೆ ಥರ ಇದೆ. ತಗೋ, ನನ್ನ ಫೋನಲ್ಲಿದೆ. ನಾನೇ ನುಡಿಸಿದ ವೀಣೆ."

ಬಸ್ಸು ತಡವಾದಾಗಲೆಲ್ಲ ಮೇಷ್ಟ್ರ ಮೊದಲ ಪಿರಿಯಡ್ ನೋಡಿಕೊಳ್ಳುವವರು ಅನಸೂಯಮ್ಮ. ಬೇಡ ಎನ್ನುವುದು ಹೇಗೆ? ವೀಣೆಯೂ ಸೇರಿತು. ಈಗ ಮಧುಸೂದನರ ದನಿ, ಮದುವೆ ಮನೆಯ ಮೈಕಿನ ಹಿಂದೆ ನಿಂತು ಗುಟ್ಟು ಹೇಳುವವನ ಹಾಗೆ ಕೇಳಿಸುತ್ತಿತ್ತು.

ಊಟಕ್ಕೆಂದು ಹತ್ತೇ ನಿಮಿಷ ಎದ್ದುಹೋಗಿದ್ದರು. ಬಂದು ನೋಡಿದರೆ ಕಂಪ್ಯೂಟರಿನ ಮುಂದೆ ಪಿ.ಟಿ. ಮೇಷ್ಟ್ರು ಹರಿಕೃಷ್ಣ! ತೆರೆಯ ಮೇಲೆ ರೇಷ್ಮೆ ಹುಳು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಸೊಂಟ ಕುಣಿಸುತ್ತಿತ್ತು.

"ಸುಮ್ನೆ ಸೊಪ್ಪು ತಿಂತಾ ಕೂತ್ರೆ ಯಾರು ನೋಡ್ತಾರೆ ಗುರುವೇ? ಅದಕ್ಕೇ ನಾಲ್ಕು ಸ್ಟೆಪ್ ಹಾಕ್ಸಿದೆ. ಬಾಗುಂದಾ, ಚೆನ್ನಾಗಿದ್ಯಾ?"

"ಅಯ್ಯೋ, ಆ ಮೂಲೇಲಿ ಅದ್ಯಾರು?"

"ಹೆಡ್‌ಮಾಸ್ಟರು. ಪೇಟ ಹಾಕ್ಕೊಂಡಿರೋ ಫೋಟೊ ಅವರೇ ಕೊಟ್ರು. ಕೊನೇವರೆಗೂ ಇರ್ಬೇಕಂತೆ."

"ತೆಗಿಯಪ್ಪ, ಎಲ್ಲಾ ತೆಗಿ!" ಎಂದು ಮಧುಸೂದನರು ಮೌಸಿಗೆ ಕೈ ಹಾಕುವುದಕ್ಕೂ ಗೇಟಿನಲ್ಲಿ ಜೀಪು ನಿಲ್ಲುವುದಕ್ಕೂ ಸರಿಹೋಯಿತು.

ಎಂಟನೇ ತರಗತಿಯಲ್ಲಿ ಪಾಠ ಶುರುವಾಯಿತು. ಅಕ್ಷರ ಓಡಿತು, ವೀಣೆ ನುಡಿಯಿತು, ಹುಳು ಕುಣಿಯಿತು, ಹೆಡ್‌ಮಾಸ್ಟರು ಮೂಲೆಯಲ್ಲಿ ಅಲುಗಾಡದೆ ನಕ್ಕರು. ಮಕ್ಕಳು ಶಿಳ್ಳೆ ಹಾಕಿದರು. ಮಧುಸೂದನರು ಬಾಗಿಲ ಬಳಿ ನಿಂತು ಕರವಸ್ತ್ರವನ್ನು ಹಿಂಡುತ್ತಿದ್ದರು.

ಪಾಠ ಮುಗಿಯಿತು. ಮೇಡಂ ಎದ್ದು ನಿಂತು, "ಹುಳಕ್ಕೆ ನೂಲು ಎಲ್ಲಿಂದ ಬರುತ್ತೆ, ಹೇಳ್ರಪ್ಪ," ಎಂದರು.

ಒಂದು ಕೈಯೂ ಮೇಲೇಳಲಿಲ್ಲ.

"ಹೋಗ್ಲಿ, ಏನೇನು ನೋಡಿದ್ರಿ?"

ಮುಂದಿನ ಬೆಂಚಿನ ಹರಿತಾ ಕೈ ಎತ್ತಿದಳು. "ಹುಳ ಕನ್ನಡಕ ಹಾಕ್ಕೊಂಡಿತ್ತು ಮಿಸ್."

"ಸರಿ. ಕೊನೇಲಿ ಗೂಡಿಂದ ಆಚೆ ಬಂದಿದ್ದು ಏನು?"

"ಹೆಡ್‌ಮಾಸ್ಟರು ಮಿಸ್!" ಎಂದಿತು ಇಡೀ ತರಗತಿ.

ಹೆಡ್‌ಮಾಸ್ಟರು ಕೆಮ್ಮಿದರು. "ಇನ್ನೊಂದ್ಸಲ ಹಾಕಿ," ಎಂದರು ಮೇಡಂ. ಹಾಕಲು ಹೋದರೆ ಕರೆಂಟು ಹೋಯಿತು.

ಏಳು ನಿಮಿಷದ ದಾರಿ ಕಣ್ಣೆದುರೇ ಮುಚ್ಚಿಹೋದಂತಾಗಿ, ಮಧುಸೂದನರು ತಡೆಯಲಾರದೆ ಸೀಮೆಸುಣ್ಣ ಹಿಡಿದು ಕರಿಹಲಗೆಗೆ ನುಗ್ಗಿದರು. ಒಂದು ಹುಳು ಬರೆದರು, ಅದರ ಬಗ್ಗೆ ಹೇಳಿದರು. ಅದರ ಹೊಟ್ಟೆಯೊಳಗೆ ಎರಡು ನೂಲಿನ ಚೀಲ ಬರೆದರು, ಅದರ ಬಗ್ಗೆ ಹೇಳಿದರು. ಗೂಡು ಬರೆದರು, ಪತಂಗ ಬರೆದರು. ಕೈ ಬರೆದದ್ದನ್ನು ಬಾಯಿ ಹೇಳಿತು, ಬಾಯಿ ಹೇಳಿದ್ದನ್ನು ಕೈ ಬರೆಯಿತು. ಹೊರಗೆ ಬೇವಿನ ಮರದ ಕಾಗೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಈಗ ಹೇಳಿ, ನೂಲು ಎಲ್ಲಿಂದ ಬರುತ್ತೆ?" ಎಂದರು ಮೇಡಂ.

ತರಗತಿಯ ತುಂಬ ಕೈಗಳು. ಹರಿತಾ ಎದ್ದು, "ಬಾಯಿ ಕೆಳಗಡೆ ಸಣ್ಣ ತೂತಿಂದ ಮಿಸ್. ಒಳಗೆ ಗೋಂದು ಥರ ಇರುತ್ತೆ, ಆಚೆ ಬಂದ್ರೆ ನೂಲಾಗುತ್ತೆ. ಹುಳ ತಲೆನ ಹಿಂಗೆ ಹಿಂಗೆ ಆಡಿಸಿ ಸುತ್ಕೊಳ್ಳುತ್ತೆ," ಎಂದು ತನ್ನ ತಲೆಯನ್ನೇ ಆಡಿಸಿ ತೋರಿಸಿದಳು.

ಮೇಡಂ ಚಪ್ಪಾಳೆ ತಟ್ಟಿದರು. ಮಧುಸೂದನರಿಗೆ ಬೆಳಗಿನಿಂದ ಮೊದಲ ಸಲ ಸರಿಯಾಗಿ ಉಸಿರು ಬಂತು.

ಆಫೀಸು ರೂಮಿನಲ್ಲಿ ಮೇಡಂ ಏನನ್ನೋ ಬರೆದು ಮುಗಿಸಿ ತಲೆಯೆತ್ತಿದರು. "ಇಂಥ ಪಾಠ ನಾನು ನೋಡೇ ಇಲ್ಲ ಮೇಷ್ಟ್ರೆ. ನಿಮಗೆ ಕಂಪ್ಯೂಟರ್ ಯಾಕ್ರೀ ಬೇಕು? ಚೇಳೂರಿಂದಾಚೆ ಗಡೀಲಿ ಒಂದು ಶಾಲೆ ಇದೆ. ಕರೆಂಟಿಲ್ಲ. ಹೋದ ಮೇಷ್ಟ್ರೆಲ್ಲ ಅದಿಲ್ಲ ಇದಿಲ್ಲ ಅಂತ ಓಡಿ ಬರ್ತಾರೆ. ಅಲ್ಲಿಗೆ ನೀವೇ ಸರಿ. ಸೋಮವಾರನೇ ಹೊರಡಿ."

ಚೇಳೂರು ಜಿಲ್ಲೆಯ ಆ ತುದಿ, ಗೌರಿಬಿದನೂರು ಈ ತುದಿ.

"ಮೇಡಂ... ಗೌರಿಬಿದನೂರಿನ ಕೇಂದ್ರ..."

"ಅದಕ್ಕೂ ಒಬ್ಬರು ಸಿಕ್ಕಿದ್ರು. ಹುಳಕ್ಕೆ ಡಾನ್ಸ್ ಕಲಿಸಿದ್ರಂತಲ್ಲ, ನಿಮ್ಮ ಪಿ.ಟಿ. ಮೇಷ್ಟ್ರು. ಮುಂದಿನ ವಾರ ಉದ್ಘಾಟನೆ, ಮೇಲಿನೋರೆಲ್ಲ ಬರ್ತಾರೆ. ಅವರಿಗೆ ಕಣ್ಣಿಗೆ ಚೆಂದ ಕಾಣೋದು ಬೇಕು. ಕಲಿಸೋದಕ್ಕೆ ನೀವಿದೀರಲ್ಲ!"

ಜೀಪು ಹೋದ ಮೇಲೂ ಮಧುಸೂದನರು ಅಲ್ಲೇ ನಿಂತಿದ್ದರು. ಹರಿಕೃಷ್ಣ ಹತ್ತಿರ ಬಂದು ಸಂಕೋಚದಿಂದ ತಲೆ ಕೆರೆದುಕೊಂಡ.

"ಗುರುವೇ, ತಪ್ಪು ತಿಳ್ಕೋಬೇಡಿ. ಉದ್ಘಾಟನೆ ದಿನ ನಾನು ಭಾಷಣ ಮಾಡ್ಬೇಕಂತೆ. ವಿಡಿಯೊ ನೋಡಿ ಮಕ್ಕಳ ತಲೆಗೆ ಪಾಠ ಹೆಂಗೆ ಹೋಗುತ್ತೆ ಅಂತ. ನಂಗೇನು ಗೊತ್ತು? ಎರಡು ಪುಟ ಬರ್ಕೊಡ್ತೀರಾ?"

ಹೊರಗೆ ನಾಲ್ಕೂವರೆಯ ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು. ಮುಂದಿನದಕ್ಕೆ ಇನ್ನೂ ಒಂದೂಕಾಲು ಗಂಟೆ ಇತ್ತು.

"ಪೇಪರ್ ಕೊಡಪ್ಪ," ಎಂದರು ಮಧುಸೂದನ್.