ಭತ್ತ ತುಳಿಯದ ಪಾಯಿಂಟ್ ಗಾರ್ಡಿನ ವಿಷಯವಾಗಿ

ಮಾನ್ಯರಲ್ಲಿ ಮಾನ್ಯರಾದ ಶ್ರೀ ಆರ್ಕಿಮೆಡೆಸ್ ಲುವಾಲ್ಹಾತಿ ಅವರೇ,

ಅಲೋನ್ ಸಾರ್ಡೀನ್ ಡಬ್ಬಿಮೀನಿನ ಕಂಪನಿಯ ಬಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಆಟಗಾರರನ್ನು ಆರಿಸಿಕೊಡುವ ಮುಖ್ಯ ಮೌಲ್ಯಮಾಪಕರಾದ ತಮ್ಮ ಪಾದಾರವಿಂದಗಳಿಗೆ, ಅಂದರೆ ನಮ್ಮೂರಿನವರು ಇನ್ನೂ ಮರೆಯದಿರುವ ಆ ಪಾದಾರವಿಂದಗಳಿಗೆ, ಸಾಂತಾ ರುಫೀನಾ ಬರಂಗಾಯ್‌ನ (ಹಳ್ಳಿಗೆ ನಮ್ಮಲ್ಲಿ ಹಾಗೆನ್ನುವುದು) ನಿವೃತ್ತ ಶಾಲಾ ಶಿಕ್ಷಕಿಯ ಸವಿನಯ ವಂದನೆಗಳು.

ಕಳೆದ ಶನಿವಾರ ತಾವು ಮನಿಲಾದ ತಂಪು ಕೊಠಡಿಯನ್ನು ತೊರೆದು, ಇಬ್ಬರು ಸಹಾಯಕರನ್ನೂ ಒಂದು ಅಳತೆಪಟ್ಟಿಯನ್ನೂ ಜೊತೆಗಿಟ್ಟುಕೊಂಡು, ಕೊಯ್ಲಿನ ಬಿಸಿಲಿನಲ್ಲಿ ನಮ್ಮಂಥವರ ಊರಿಗೆ ದಯಮಾಡಿಸಿದ್ದಕ್ಕೆ ಮೊದಲು ಕೃತಜ್ಞತೆ ಸಲ್ಲಿಸುವುದು ನನ್ನ ಧರ್ಮ. ಈ ಭಾನುವಾರ ನಡೆಯಲಿರುವ ಡ್ರಾಫ್ಟಿನಲ್ಲಿ, ಎಂದರೆ ವೃತ್ತಿಪರ ತಂಡಗಳು ಸರದಿಯ ಮೇಲೆ ಒಬ್ಬೊಬ್ಬ ಹೊಸಬನ ಹೆಸರನ್ನು ಕರೆಯುವ ಆ ಮಹಾಸಭೆಯಲ್ಲಿ, ನನ್ನ ಹಳೆಯ ವಿದ್ಯಾರ್ಥಿ ಎಲ್ಪಿದಿಯೊ ಸುಮಾವಾಂಗ್‌ನ ಹೆಸರು ಕರೆಯಲು ಯೋಗ್ಯವೇ ಎಂಬುದನ್ನು ತಾವು ಒಂದೇ ಮಧ್ಯಾಹ್ನದಲ್ಲಿ, ಅದೂ ಊಟದ ವಿರಾಮ ಕಳೆದು, ನಿರ್ಣಯಿಸಿಬಿಟ್ಟಿರಿ. ನಾನು ಅದೇ ಹುಡುಗನನ್ನು ಎರಡು ವರ್ಷ ಎದುರಿಗೆ ಕೂರಿಸಿಕೊಂಡೂ ಅವನ ಪ್ರಗತಿಪತ್ರದಲ್ಲಿ ‘ಗಮನಿಸಲಾಗುತ್ತಿದೆ’ ಎಂದಷ್ಟೇ ಬರೆಯಲು ಧೈರ್ಯಮಾಡಿದ್ದೆ. ಎಲ್ಲಿ ತಾವು, ಎಲ್ಲಿ ನಾನು.

ತಾವು ಅಂತರ್ಜಾಲದಲ್ಲಿ ಪ್ರಕಟಿಸಿರುವ ವರದಿಯನ್ನು ಊರಿನ ಅಂಗಡಿಯ ಮುಂದೆ ನಾನೇ ಗಟ್ಟಿಯಾಗಿ ಓದಿದೆ. ‘ಸ್ಫೋಟಕ ಶಕ್ತಿಯ ಕೊರತೆ’ ಎಂಬ ಮೊದಲ ವಾಕ್ಯ ಕೇಳಿ ಪಿದ್ಯೊಂಗ್‌ನ (ಊರಿನಲ್ಲಿ ಅವನನ್ನು ಕರೆಯುವುದು ಹಾಗೆ) ತಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ದೇವರು ದೊಡ್ಡವನು ಎಂದಳು. ನನಗೂ ಸಮಾಧಾನವೇ ಆಯಿತು. ನನ್ನ ಕೈಕೆಳಗೆ ಕಲಿತ ಯಾವ ವಿದ್ಯಾರ್ಥಿಯೂ ಇದುವರೆಗೆ ಸ್ಫೋಟಿಸಿಲ್ಲ.

ಎರಡನೆಯ ವಾಕ್ಯ ಮಾತ್ರ ಯಾರಿಗೂ ಜೀರ್ಣವಾಗಲಿಲ್ಲ: ‘ರಿಂಗಿನ ಸಮೀಪ ಅಂಜುಬುರುಕ, ದಾರಿ ತೆರವಾಗಿದ್ದರೂ ನುಗ್ಗದೆ ಚೆಂಡನ್ನು ಇನ್ನೊಬ್ಬರಿಗೆ ದಾಟಿಸಿ ಹೊಣೆಯಿಂದ ಜಾರಿಕೊಳ್ಳುತ್ತಾನೆ.’

ಮಾನ್ಯರೇ, ನುಯೇವಾ ಎಸಿಹಾ ಪ್ರಾಂತದಲ್ಲಿ ಕೊಯ್ಲಿನ ಕಾಲದ ಬಾಸ್ಕೆಟ್‌ಬಾಲ್ ಅಂಗಳವೆಂದರೆ ಅರ್ಧ ಆಟಕ್ಕೆ, ಅರ್ಧ ಭತ್ತಕ್ಕೆ. ಸಿಮೆಂಟು ನೆಲ ಬೇರೆಲ್ಲಿದೆ? ಹರವಿದ ಭತ್ತಕ್ಕೆ ಚೆಂಡು ಹೋದರೆ ಚಪ್ಪಲಿ ಕಳಚಿ, ಗೋರುಮಣೆಯ ಹಿಡಿಯಿಂದ ಅದನ್ನು ಮೆಲ್ಲಗೆ ಎಳೆದುಕೊಳ್ಳುವುದು ಪದ್ಧತಿ. ಮೋಡ ಕವಿದರೆ ಎರಡೂ ತಂಡಗಳು ಆಟ ಬಿಟ್ಟು ಭತ್ತ ಗೋರುತ್ತವೆ, ರೆಫರಿ ಚೀಲದ ಬಾಯಿ ಹಿಡಿಯುತ್ತಾನೆ. ನಮ್ಮ ಮಕ್ಕಳು ಮೊದಲು ಭತ್ತವನ್ನು ತುಳಿಯದಿರಲು ಕಲಿಯುತ್ತಾರೆ, ಆಮೇಲೆ ಚೆಂಡನ್ನು ಪುಟಿಸಲು.

ತಾವು ಪೂರ್ತಿ ಅಂಗಳದ ಆಟವೇ ಬೇಕೆಂದಿರಿ. ಅತಿಥಿಗೆ ಇಲ್ಲವೆನ್ನಲಾರದ ನಮ್ಮ ಬರಂಗಾಯ್ ಮುಖ್ಯಸ್ಥರು ಆಗಲಿ ಎಂದುಬಿಟ್ಟರು. ಆಲಿಂಗ್ ತಸಿಂಗ್ ಎಂಬ ವಯೋವೃದ್ಧೆ ತಮ್ಮ ಹಸಿಭತ್ತವನ್ನು ಎಳೆದೆಳೆದು ಪೂರ್ವದ ರಿಂಗಿನ ಕೆಳಗಿನ ಜಾಗಕ್ಕಷ್ಟೇ ಕುಗ್ಗಿಸಿಕೊಟ್ಟರು. ಅದಕ್ಕಿಂತ ಕುಗ್ಗಿಸಿದ್ದರೆ ಸಂಜೆಯೊಳಗೆ ಮುಗ್ಗುತ್ತಿತ್ತು. ಹೀಗಾಗಿ ಪಿದ್ಯೊಂಗ್ ಎಲ್ಲರನ್ನೂ ದಾಟಿ ಆ ರಿಂಗಿನೆದುರು ಒಬ್ಬನೇ ನಿಂತಾಗಲೆಲ್ಲ, ಮೇಲೆ ಹಾರುವುದು ಅವನಿಗೆ ಕಷ್ಟವಿರಲಿಲ್ಲ. ಇಳಿಯುವುದೆಲ್ಲಿಗೆ ಎಂಬುದು ಪ್ರಶ್ನೆಯಾಗಿತ್ತು. ಅವನು ಭತ್ತದ ಅಂಚಿನಲ್ಲಿ ಗಕ್ಕನೆ ನಿಂತು, ಹಿಂದಿರುಗಿಯೂ ನೋಡದೆ, ದೂರದಲ್ಲಿ ಬಿಡುವಾಗಿ ನಿಂತಿದ್ದ ಟ್ರೈಸಿಕಲ್ ಚಾಲಕ ಬೊಯೆಟ್‌ನ ಕೈಗೆ ಚೆಂಡನ್ನು ಇಟ್ಟಂತೆ ಕಳಿಸಿದ. ಬೊಯೆಟ್ ಅಲ್ಲಿಂದಲೇ ಹಾಕಿದ. ತಮ್ಮ ವರದಿಯಲ್ಲಿ ಬೊಯೆಟ್‌ನ ಹೊಡೆತದ ಬಗ್ಗೆ ಒಳ್ಳೆಯ ಮಾತಿದೆ. ಡೊಳ್ಳುಹೊಟ್ಟೆಯ ಆ ನಾಲ್ಕು ಮಕ್ಕಳ ತಂದೆ ಅದನ್ನು ತನ್ನ ಟ್ರೈಸಿಕಲ್ಲಿಗೆ ಅಂಟಿಸಿಕೊಂಡಿದ್ದಾನೆ.

ಆಗ ತಾವು ಅಂಗಳದಾಚೆಯಿಂದ ನೀಡಿದ ಅಮೂಲ್ಯ ಬೋಧನೆ ನನಗೆ ನೆನಪಿದೆ: “ಲೋ ಹುಡ್ಗ, ದಾರಿ ಖಾಲಿ ಇದೆಯಲ್ಲೋ, ನುಗ್ಗೋ. ಕೆಳಗಿರೋದೇನು ಗಾಜಿನ ಚೂರಾ?”

“ಭತ್ತ, ಸರ್,” ಎಂದ ಪಿದ್ಯೊಂಗ್. “ಆಲಿಂಗ್ ತಸಿಂಗ್ ಅವ್ರದ್ದು.”

“ಯಾರದ್ದಾದ್ರೆ ನಿಂಗೇನೋ?” ಎಂದು ಕೇಳಿದಿರಿ. ಪ್ರಶ್ನೆಯನ್ನು ಸಾಧಾರವಾಗಿ ನಿರೂಪಿಸಲು, ರಿಂಗಿನ ಎತ್ತರ ಅಳೆಯುವ ನೆಪದಲ್ಲಿ, ಬೂಟುಗಾಲಿನಲ್ಲೇ ಆ ಭತ್ತದ ನಡುವೆ ಹೋಗಿ ನಿಂತಿರಿ. ಇಡೀ ಊರು ಮೌನವಾಯಿತು. ಅದು ಗೌರವದ ಮೌನವೆಂದು ತಾವು ಭಾವಿಸಿದಂತೆ ತೋರಿತು. ಆಲಿಂಗ್ ತಸಿಂಗ್ ಮಾತ್ರ ಬೀಸಣಿಗೆ ನಿಲ್ಲಿಸಿ, “ಬೂಟು ಭಾಳ ಚೆನ್ನಾಗಿದೆ ಸಾರ್. ಅನ್ನದ ಜೊತೆ ಬೇಯಲ್ಲ, ಅದೊಂದೇ,” ಎಂದರು. ತಾವು ಅದನ್ನು ಬೂಟಿನ ಪ್ರಶಂಸೆಯೆಂದೇ ತಿಳಿದು ಮುಗುಳ್ನಕ್ಕಿರಿ.

‘ನಾಯಕತ್ವದ ದನಿ ಇಲ್ಲ’ ಎಂಬುದು ಮೂರನೆಯ ಆರೋಪ. ನಿಜ, ಅವನು ಅರಚುವುದಿಲ್ಲ. ತನಗಿಂತ ಹಿರಿಯನಾದ ಬೊಯೆಟ್‌ಗೆ ‘ಅಣ್ಣಾ, ಎಡಕ್ಕೆ ಬರ್ತೀರಾ’ ಎಂದು ಹೇಳುತ್ತಾನೆ, ಬೊಯೆಟ್ ಬರುತ್ತಾನೆ, ಚೆಂಡು ಅವನಿಗಿಂತ ಮೊದಲೇ ಅಲ್ಲಿ ಕಾದಿರುತ್ತದೆ. ಬರೀ ಗಂಟಲೇ ನಾಯಕತ್ವವಾದರೆ, ನಮ್ಮ ಬೀದಿಯಲ್ಲಿ ಸಂಜೆ ಬಲೂಟ್ ಮೊಟ್ಟೆ ಮಾರುವವನನ್ನು ತಾವು ದಯವಿಟ್ಟು ಪರಿಶೀಲಿಸಬೇಕು. ಅವನ ದನಿ ಮೂರು ಬರಂಗಾಯ್‌ಗಳಿಗೆ ಮುಟ್ಟುತ್ತದೆ.

ತಮ್ಮ ಪಟ್ಟಿಯ ಮೊದಲ ಸ್ಥಾನದಲ್ಲಿ ಮನಿಲಾದ ಜೇಡ್ರಿಕ್ ಒಂಗ್‌ಪಾವ್‌ಕೊ ಎಂಬ ತರುಣನಿದ್ದಾನೆ. ಆರೂಕಾಲು ಅಡಿ ಎತ್ತರ, ಬೆಳ್ಳಿಬಣ್ಣದ ಕೂದಲು, ಚೆಂಡು ಒಮ್ಮೆ ಅವನ ಕೈಸೇರಿದರೆ ಮರಳಿ ಯಾರ ಕಣ್ಣಿಗೂ ಬೀಳದಂಥ ಅಪಾರ ಪ್ರೀತಿ. ಜೊತೆಗಾರರ ಕೈಗೆ ಚೆಂಡು ಒದಗಿಸುವವನನ್ನೇ ಪಾಯಿಂಟ್ ಗಾರ್ಡ್ ಎನ್ನುತ್ತಾರೆಂದು ನಾನು ತಪ್ಪು ತಿಳಿದಿದ್ದೆ. ಅವನ ಕುರಿತು ತಾವು ಬರೆದಿರುವುದು ಹೀಗೆ: ‘ಪಾಸು ಕೊಡುವುದನ್ನು ಕಲಿಸಬಹುದು, ಎತ್ತರವನ್ನು ಯಾರೂ ಕಲಿಸಲಾರರು.’ ಆಯುಷ್ಯವನ್ನೇ ಕಲಿಸುವುದರಲ್ಲಿ ಕಳೆದವಳಾಗಿ ಒಂದು ಮಾತು ಅರಿಕೆ ಮಾಡಿಕೊಳ್ಳಲೇ? ಎತ್ತರವನ್ನು ಯಾರೂ ಕಲಿಸಬೇಕಾಗಿಯೇ ಇಲ್ಲ. ಅದು ಶಾಲೆಗೆ ಚಕ್ಕರ್ ಹೊಡೆದವರಿಗೂ ಬರುತ್ತದೆ. ಪಕ್ಕದಲ್ಲಿ ಇನ್ನೊಬ್ಬನಿದ್ದಾನೆಂದು ಕಾಣುವುದನ್ನು ಕಲಿಸಿ ನೋಡಿ. ನನಗೆ ಸಾಧ್ಯವಾದದ್ದು ತೀರ ಕೆಲವರ ವಿಷಯದಲ್ಲಿ.

ತಮ್ಮ ವರದಿ ಪ್ರಕಟವಾದ ಮೇಲೆ ಉಳಿದ ತಂಡಗಳೂ ಪಿದ್ಯೊಂಗ್‌ನ ಹೆಸರನ್ನು ಕೈಬಿಟ್ಟವು, ಮುಂದಿನ ಬೆಂಚಿನವನ ತಪ್ಪು ಉತ್ತರವನ್ನು ಇಡೀ ತರಗತಿ ನಕಲು ಮಾಡುವಂತೆ. ಭಾನುವಾರ ಯಾರೂ ಕರೆಯದಿದ್ದರೆ ಮಂಗಳವಾರ ಅವನು ಸರಕು ಹಡಗಿನ ಅಡುಗೆಮನೆಗೆ ಪಾತ್ರೆ ತೊಳೆಯಲು ಸೇರುತ್ತಾನೆ, ಒಪ್ಪಂದ ಸಿದ್ಧವಿದೆ. ಹಡಗಿನಲ್ಲಿ ಬಾಸ್ಕೆಟ್‌ಬಾಲ್ ಆಡಬಹುದೇ ಎಂದು ಅವನ ತಾಯಿ ವಿಚಾರಿಸಿದ್ದಾಳೆ. ರಿಂಗು ಇದೆಯಂತೆ, ಸಮುದ್ರಕ್ಕೆ ಬಿದ್ದ ಚೆಂಡನ್ನು ತಂದುಕೊಡುವವರಿಲ್ಲವಂತೆ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿದ್ದವು. ಮನಿಲಾದ ಕ್ರೀಡಾಂಗಣದಲ್ಲಿ ಒಂದು ರಿಂಗಿನ ಕೆಳಗೆ ಹಸಿಭತ್ತ ಹರವಿಸಿ, ಪಕ್ಕದಲ್ಲಿ ಆಲಿಂಗ್ ತಸಿಂಗ್ ಅವರನ್ನು ಬೀಸಣಿಗೆ ಸಮೇತ ಕೂರಿಸಿ, ಜೇಡ್ರಿಕ್‌ನನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಮೌಲ್ಯಮಾಪಕರು ನಿಂತಲ್ಲಿಂದ ಎಷ್ಟು ಮೇಲೆ ನೆಗೆಯಬಲ್ಲರೆಂಬುದನ್ನೂ ವರದಿಯ ಕೊನೆಯಲ್ಲಿ ಪ್ರಕಟಿಸಬೇಕು. ತಮ್ಮ ಕಂಪನಿ ಇನ್ನು ಮುಂದೆ ಸಾರ್ಡೀನುಗಳನ್ನೂ ನೆಗೆತ ನೋಡಿಯೇ ಡಬ್ಬಿಗೆ ತುಂಬಬೇಕು. ಇದಾವುದೂ ಆಗದಿದ್ದರೆ, ಭತ್ತ ಚೀಲ ಸೇರಿದ ಮೇಲೆ ಇನ್ನೊಮ್ಮೆ ಬಂದು ಹುಡುಗನನ್ನು ನೋಡಬೇಕು.

ಇಷ್ಟು ಬರೆದು ಕನ್ನಡಕ ತೆಗೆದಿಟ್ಟಿದ್ದೆ. ಇಂದು ಬೆಳಿಗ್ಗೆ ಹಬಾಗಾತ್ ನೂಡಲ್ಸ್ ಕಂಪನಿಯ ತಂಡದಿಂದ ಶ್ರೀಮತಿ ತೆಯೊದೋರಾ ಮಗ್ಸಿನೊ ಎಂಬವರು ಬಂದರು. ಡ್ರಾಫ್ಟಿನ ಸರದಿಯಲ್ಲಿ ಅವರ ತಂಡ ತಮ್ಮ ಬೆನ್ನಿಗೇ ಇದೆ. ಆಕೆ ಭತ್ತದ ಅಂಚಿನಲ್ಲಿ ಚಪ್ಪಲಿ ಕಳಚಿ, ಆಲಿಂಗ್ ತಸಿಂಗ್ ಅವರ ಪಕ್ಕದ ಬೆಂಚಿನಲ್ಲಿ ಕುಳಿತು, ಆಟವನ್ನು ಬಹಳ ಹೊತ್ತು ನೋಡಿ, ಕೊನೆಗೆ ಹುಡುಗನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: “ಅಲ್ಲಪ್ಪಾ, ಆ ಭತ್ತ ಅಲ್ಲಿರದಿದ್ರೆ ಏನ್ಮಾಡ್ತಿದ್ದೆ?”

ಪಿದ್ಯೊಂಗ್ ಪಶ್ಚಿಮದ ರಿಂಗಿನತ್ತ ತಿರುಗಿ, ಮೂವರ ನಡುವೆ ನುಸುಳಿ, ಹಾರಿ, ಚೆಂಡನ್ನು ಒಳಗಿಟ್ಟು, ಖಾಲಿ ಸಿಮೆಂಟಿನ ಮೇಲೆ ಇಳಿದ. ಶ್ರೀಮತಿ ಮಗ್ಸಿನೊ ಏನನ್ನೂ ಅಳೆಯಲಿಲ್ಲ, ಬರೆದುಕೊಳ್ಳಲೂ ಇಲ್ಲ. ಹೋಗುವಾಗ ಅವನ ತಾಯಿಗೆ, “ಭಾನುವಾರಕ್ಕೆ ಅವ್ನ ಅಂಗಿ ಇಸ್ತ್ರಿ ಮಾಡಿಡಿ ಅಮ್ಮ. ನಮ್ಗಿಂತ ಮುಂಚೆ ಯಾರೂ ಕರೀದಿದ್ರೆ ಸಾಕು,” ಎಂದರು.

ಆದ್ದರಿಂದ, ಪರಮಮಾನ್ಯರೇ, ಮೇಲ್ಕಂಡ ಕೋರಿಕೆಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಂಡು, ಒಂದೇ ಒಂದನ್ನು ತಮ್ಮ ಮುಂದಿಡುತ್ತೇನೆ. ಭಾನುವಾರ ತಮ್ಮ ಸರದಿ ಬಂದಾಗ ತಮ್ಮ ವರದಿಯ ಒಂದಕ್ಷರದಿಂದಲೂ ಕದಲಬೇಡಿ. ಮರುಯೋಚನೆ ದುರ್ಬಲರ ಲಕ್ಷಣ. ಜೇಡ್ರಿಕ್‌ನ ಹೆಸರನ್ನು ನಾಯಕತ್ವದ ದನಿಯಲ್ಲಿ ಗಟ್ಟಿಯಾಗಿ ಕರೆಯಿರಿ. ದಾರಿ ಖಾಲಿ ಇದೆ, ನುಗ್ಗಿ. ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಅಂಕಿಗಳಿಲ್ಲದ ಬರಹವನ್ನು ತಾವು ಓದುವುದಿಲ್ಲವೆಂಬ ದೃಢವಾದ ಭರವಸೆ ನನಗಿದೆ.

ತಮ್ಮ ವಿವೇಚನೆ ಎಂದಿಗೂ ಬದಲಾಗದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಪುರಿಫಿಕಾಸ್ಯೊನ್ ವಿಲ್ಯಾರ್ತಾ
ನಿವೃತ್ತ ಶಿಕ್ಷಕಿ, ಸಾಂತಾ ರುಫೀನಾ

ತಾ.ಕ.: ತಮ್ಮ ಕಾರು ಹೊರಟ ಮೇಲೆ ಪಿದ್ಯೊಂಗ್ ಗೋರುಮಣೆ ಹಿಡಿದು ಭತ್ತದ ಮೇಲಿನ ತಮ್ಮ ಹೆಜ್ಜೆಗಳನ್ನೆಲ್ಲ ಅಳಿಸಿದ. ರಿಂಗಿನ ನೇರ ಕೆಳಗಿನ ಒಂದನ್ನು ಮಾತ್ರ ಆಲಿಂಗ್ ತಸಿಂಗ್ ಹಾಗೆಯೇ ಉಳಿಸಿಕೊಂಡು, ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ನನ್ನ ಶಾಲೆಯ ಅಳತೆಪಟ್ಟಿಯಿಂದ ಅದನ್ನು ಅಳೆದೆ. ಪಾದದ ಗಾತ್ರ ಅತ್ಯುತ್ತಮವಾಗಿದೆ; ಇಂಥದ್ದನ್ನು ಯಾರೂ ಕಲಿಸಲಾರರು.