ಗೌರವ್ವನ ಹತ್ತಿರ ಕ್ಷಮೆ ಕೇಳಿದ್ದು

ವೈರಿಗಳನ್ನು ಪ್ರೀತಿಸಬೇಕೆಂದು ನಮ್ಮ ಧರ್ಮ ಹೇಳುತ್ತದೆ. ಒಪ್ಪಿದೆ. ಆದರೆ ವೈರಿಯನ್ನು ಎಲ್ಲಿಂದ ತರಬೇಕು? ಬನಹಟ್ಟಿಯಲ್ಲಿ ಮೂರನೆಯ ಇಯತ್ತೆಯ ಮಕ್ಕಳಿಗೆ ಮಗ್ಗಿ ಕಲಿಸುವ ನನ್ನಂಥವಳಿಗೆ ವೈರಿಗಳು ತಾವಾಗಿ ಒದಗಿ ಬರುವುದಿಲ್ಲ. ಬಸ್ಸಿನ ಕಿಟಕಿಯಿಂದ ಕರವಸ್ತ್ರ ಒಗೆದು ಸೀಟು ಹಿಡಿದವರ ಮೇಲೆ ಬಂದ ಸಿಟ್ಟು ಜಮಖಂಡಿ ಮುಟ್ಟುವುದರೊಳಗೆ ಇಳಿದುಹೋಗುತ್ತದೆ. ಹೀಗಾಗಿ ಕ್ಷಮೆ, ದೀನತೆ, ದೀರ್ಘಶಾಂತಿ ಎಂಬ ಸದ್ಗುಣಗಳೆಲ್ಲ ನನ್ನಲ್ಲಿ ಮದುವೆಯ ಸೀರೆಯ ಹಾಗೆ ಮಡಿಕೆ ಮುರಿಯದೆ ಉಳಿದಿದ್ದವು. ಅವನ್ನು ಉಪಯೋಗಿಸಲು ಹೋಗಿ, ಇದ್ದೊಬ್ಬ ಗೆಳತಿಯನ್ನು ಕಳೆದುಕೊಂಡೆ ನೋಡಿ.

ಗೆಳತಿ ಎಂದರೆ ಪಕ್ಕದ ಮನೆಯ ಗೌರವ್ವ. ನೇಕಾರರ ಮನೆ, ಮುಂದಿನ ಕೋಣೆಯಲ್ಲಿ ಹಗಲೆಲ್ಲ ಮಗ್ಗ ಓಡುತ್ತದೆ. ಆ ಸದ್ದಿನಲ್ಲೇ ಮಾತಾಡಿ ರೂಢಿಯಾದ ಗಂಟಲು ಆಕೆಯದು. ಗುಟ್ಟು ಹೇಳಿದರೂ ಓಣಿಗೆಲ್ಲ ಗೊತ್ತಾಗುತ್ತದೆ. ಸಂಜೆ ನಾನೂ ನಮ್ಮ ಯಜಮಾನರೂ ಪ್ರಾರ್ಥನೆಗೆ ಕಣ್ಣು ಮುಚ್ಚುವುದಕ್ಕೂ ಆಕೆ ಪಲ್ಯದ ಬಟ್ಟಲು ಹಿಡಿದು ಬರುವುದಕ್ಕೂ ಸರಿಹೋಗುತ್ತಿತ್ತು. “ಯಾಕ್ರೀ ಅಕ್ಕಾರ, ಇಬ್ಬರೂ ಕುಂತಲ್ಲೇ ಮಲಗೀರಿ?” ಎನ್ನುವಳು. ನಮ್ಮ ಕಡೆ ಶಿಕ್ಷಕಿಯರೆಲ್ಲ ‘ಅಕ್ಕಾರು’. ನಾವು ಆಮೆನ್ ಹೇಳುವುದರೊಳಗೆ ಆಕೆ ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಸೊಸೆಯ ಸುದ್ದಿ, ನೂಲಿನ ರೇಟು, ಚಿಮ್ಮಡದ ತವರಿನ ಕಬ್ಬು ಎಲ್ಲ ಮುಗಿಸಿರುತ್ತಿದ್ದಳು. ದೇವರು ಬೇಕಾದರೆ ಕಾಯುತ್ತಾನೆ, ಗೌರವ್ವ ಕಾಯುವವಳಲ್ಲ. ನನಗೆ ಒಳಗೊಳಗೇ ಸಿಟ್ಟು. ಮುಖದ ಮೇಲೆ ಮಾತ್ರ ನಗು.

ನಮ್ಮಲ್ಲೊಂದು ಪದ್ಧತಿಯಿದೆ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಮೊದಲು, ಯಾರ ಮೇಲಾದರೂ ಮನಸ್ತಾಪವಿದ್ದರೆ ಹೋಗಿ ಸರಿಮಾಡಿಕೊಂಡು ಬರಬೇಕು. ಜಮಖಂಡಿಯ ನಮ್ಮ ಚರ್ಚಿನಲ್ಲಿ ಪಾಸ್ಟರು ಆ ಸಲ ಇದನ್ನು ಒತ್ತಿ ಒತ್ತಿ ಹೇಳಿದರು. ನಾನು ಮನಸ್ಸನ್ನೆಲ್ಲ ತಡಕಾಡಿ ಗೌರವ್ವನನ್ನು ಹಿಡಿದೆ. ಶನಿವಾರ ಶಾಲೆ ಬಿಟ್ಟವಳೇ ಆಕೆಯ ಮನೆಗೆ ಹೋಗಿ ಕೈಮುಗಿದು ನಿಂತೆ.

“ಗೌರವ್ವ, ನನ್ನ ಕ್ಷಮಾ ಮಾಡ. ನಿನ್ನ ಮ್ಯಾಲ ಭಾಳ ದಿವಸದಿಂದ ಸಿಟ್ಟ ಇಟಗೊಂಡಿದ್ದೆ.”

“ನನ್ನ ಮ್ಯಾಲ? ಯಾಕ್ರೀ?”

ಅಲ್ಲಿಗೇ ನಿಲ್ಲಿಸಿದ್ದರೆ ಛಲೋ ಇತ್ತು. ಆದರೆ ಸತ್ಯ ನುಡಿಯುವುದೂ ಸದ್ಗುಣವೇ ಅಲ್ಲವೇ? ಪ್ರಾರ್ಥನೆಗೆ ಅಡ್ಡ ಬರುವುದು, ಕೂತರೆ ಏಳದೇ ಇರುವುದು, ಮಾತಿಗೆ ಕೊನೆಯಿಲ್ಲದಿರುವುದು ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ನನಗಂತೂ ಎದೆ ಹಗುರಾಯಿತು.

“ಹಂಗಾರ ಇಷ್ಟ ವರ್ಷ ನಕ್ಕೋತ ಬಾ, ಕುಂದರ ಅಂದದ್ದೆಲ್ಲಾ ಸುಳ್ಳೇನ್ರಿ?” ಎಂದಳು ಗೌರವ್ವ. ಇಷ್ಟು ಸಣ್ಣ ದನಿಯಲ್ಲಿ ಆಕೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. “ದೇವರ ಮುಂದ ಹೇಳೂದನ್ನ ದೇವರ ಮುಂದ ಹೇಳಬೇಕ. ಅಂವಾ ಮನಸ್ಸಿಗೆ ಹಚ್ಚಿಕೊಳ್ಳೂದಿಲ್ಲ.”

ಅಂದಿನಿಂದ ನಮ್ಮ ಪ್ರಾರ್ಥನೆಗೆ ಯಾವ ಅಡ್ಡಿಯೂ ಇಲ್ಲ. ತಡೆಯುವವರಿಲ್ಲದೆ ಯಜಮಾನರ ಪ್ರಾರ್ಥನೆ ಉದ್ದವಾಯಿತು; ಮುಧೋಳದ ಷಡ್ಡಕರಿಂದ ಬೀಳಗಿಯ ಸೋದರತ್ತೆಯವರೆಗೆ ಎಲ್ಲರನ್ನೂ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತಾರೆ. ನಾನು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಬಾಗಿಲ ಮೇಲಿಟ್ಟಿರುತ್ತೇನೆ. ಯಾರೂ ಬರುವುದಿಲ್ಲ. ಎದುರಾದರೆ ಗೌರವ್ವ “ಹೌದ್ರಿ”, “ಇಲ್ರಿ” ಎಂದು ಮರ್ಯಾದೆಯಿಂದ ದಾಟಿಹೋಗುತ್ತಾಳೆ. ಅಯ್ಯೋ, ಆ ಮರ್ಯಾದೆ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆಯ ಸೊಸೆ ಬಸುರಿಯಾದದ್ದು, ಹೆತ್ತದ್ದು ಎಲ್ಲ ನನಗೆ ಮೂರನೆಯವರಿಂದ ತಿಳಿಯಿತು. ಕೂಸನ್ನು ನೋಡಿಬರಲು ಹೋದೆ; ಚಹಾ ಕೊಟ್ಟರು, ಕುಂಕುಮ ಹಚ್ಚದ ನನಗೆ ನೆನಪಿಟ್ಟು ಬರೀ ಹೂವು ಕೊಟ್ಟರು, ಮಾತು ಮಾತ್ರ ಕೊಡಲಿಲ್ಲ. ನನಗೆ ಗೌರವ್ವ ಬೇಕಿತ್ತು. ಆಕೆಯ ಪಲ್ಯವಲ್ಲ, ಆಕೆಯೇ. ನಲವತ್ತು ದಾಟಿದ ಮೇಲೆ ಹೇಳದೆ ಕೇಳದೆ ಮನೆಯೊಳಗೆ ಬಂದು ಕೂರುವವರು ಹೊಸದಾಗಿ ಎಲ್ಲಿ ಸಿಗುತ್ತಾರೆ?

ಮೊನ್ನೆ ಭಾನುವಾರ ಚರ್ಚಿನಿಂದ ಬಂದು ಬೀಗ ತೆಗೆಯುತ್ತಿದ್ದೆ. ಗೌರವ್ವ ತನ್ನ ಕಟ್ಟೆ ಇಳಿದು ಸೀದಾ ನನ್ನೆದುರು ಬಂದು ನಿಂತಳು.

“ಅಕ್ಕಾರ, ನನಗೂ ನಿಮ್ಮ ಮ್ಯಾಲ ಸಿಟ್ಟೈತಿ. ಹೇಳ್ಲಿ?”

“ಹೇಳವಾ.”

“ಯಾರ ಏನ ಮಾತಾಡಿದ್ರೂ ಸಾಲಿ ಹುಡುಗರನ್ನ ತಿದ್ದಿದಂಗ ತಿದ್ದತೀರಿ. ನನ್ನ ಮಮ್ಮಗನ್ನ ನೋಡಾಕ ಬಂದು, ಮೂಗ ಅಜ್ಜಿದ ಬಂದೈತಿ, ಪಾಪ ಅಂದ್ರಿ. ಆ ‘ಪಾಪ’ ಯಾಕ್ರೀ? ಇನ್ನ ನಿಮ್ಮ ಕ್ರಿಸ್‌ಮಸ್ ಕೇಕ! ನಮ್ಮ ಎಮ್ಮಿ ಸೈತ ಮೂಸಿ ನೋಡಿ ಮಾರಿ ತಿರುವೈತಿ.”

ನನ್ನ ಮೈಯೆಲ್ಲ ಉರಿಯಿತು. ಕೇಕಿನ ಮಾತಿಗೆ ಈಗಲೂ ಉರಿಯುತ್ತಿದೆ. ಆದರೆ ಆಕೆಯ ದನಿ ಏರಿ ಏರಿ ಎದುರು ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತಾಗ, ಯಾಕೋ ನನಗೆ ಅಳುವೇ ಬಂತು.

“ಮುಗೀತೇನ ಗೌರವ್ವ?”

“ಎಲ್ಲಿ ಮುಗೀತ್ರಿ? ಒಂದ ದಿನಕ್ಕ ಮುಗಿಯೂವೇನ ಅವು? ಕೂಸ ಅಳಾಕತ್ತೈತಿ, ಉಳಿದದ್ದ ನಾಳೆ ಬಂದ ಹೇಳ್ತೇನಿ. ಎಲ್ಲಾ ಹೇಳಿದ ಮ್ಯಾಲ ನಿಮ್ಮನ್ನ ಕ್ಷಮಾ ಮಾಡಿ ನಾನೂ ನಿಮ್ಮಂಗ ಕೈ ತೊಳಕೊಂಡ ಬಿಡ್ತೇನಿ.”

ಅಂದು ಪ್ರಾರ್ಥನೆಯಲ್ಲಿ ನಾನು ದೀನತೆ ಕೇಳಬೇಕಿತ್ತು, ತಾಳ್ಮೆ ಕೇಳಬೇಕಿತ್ತು. ಕೇಕಿನ ವಿಷಯಕ್ಕಾದರೂ ಅದು ಅಗತ್ಯವಿತ್ತು. ಯಜಮಾನರು ಇನ್ನೂ ಮುಧೋಳದಲ್ಲೇ ಇದ್ದರು. ನಾನು ಮೆಲ್ಲಗೆ ಒಂದೇ ಒಂದು ಮಾತು ಕೇಳಿಕೊಂಡೆ: ಕರ್ತನೇ, ಆಕೆ ನನ್ನನ್ನು ಅಷ್ಟು ಬೇಗ ಕ್ಷಮಿಸದಿರಲಿ.