ಸಾಲದ ಟ್ಯಾಂಕಿಗೆ ನಾನು ದುಭಾಷಿ

ಒಂದು ಜೀಪು, ಒಬ್ಬ ವಿದೇಶಿ ತಜ್ಞ, ನಮ್ಮ ಕಡೆಯ ನಾಕು ಮಂದಿ ಒಂದೆಡೆ ಸೇರಿದರೆ ಏನಾದರೊಂದು ಆಗೇ ಆಗುತ್ತೆ. ಕಣ್ಣಾರೆ ಕಂಡವನು ನಾನು, ಬಾಯಿ ಮುಚ್ಚಿಕೊಂಡು ಹೆಂಗಿರಲಿ?

ಗಣಿಯ ಭರಾಟೆಯ ಕಾಲ ಅದು. ಮರಿಯಮ್ಮನಹಳ್ಳಿ ಹತ್ತಿರದ ಒಂದು ಹಳ್ಳಿಗೆ ವಿದೇಶಿ ಬ್ಯಾಂಕಿನ ಸಾಲದಲ್ಲಿ ಕುಡಿಯೋ ನೀರಿನ ಟ್ಯಾಂಕು ಕಟ್ಟಿಸುವ ಮಾತು ನಡೆದಿತ್ತು. ಅಲ್ಲಿನ ಹೆಂಗಸರು ಎರಡು ಮೈಲಿ ನಡೆದು ನೀರು ಹೊರ್ತಿದ್ದರು. ಬ್ಯಾಂಕು ಕಳಿಸಿದ ತಜ್ಞ ಹೂಂ ಅಂದರೆ ಟ್ಯಾಂಕು, ಇಲ್ಲದಿದ್ದರೆ ಅದೇ ಕೊಡ, ಅದೇ ದಾರಿ. ಹೊಸಪೇಟೆಯಿಂದ ದಿನಗೂಲಿ ದುಭಾಷಿಯಾಗಿ ಹೋದವನು ನಾನು.

ರಂಗೋಲಿ ನಕಾಶೆ

ಊರಿನ ನಕಾಶೆಯನ್ನು ಊರಿನವರೇ ಬರೀಬೇಕು ಅಂತ ತಜ್ಞನ ಹಟ. ಹೆಂಗಸರ ಕೈಗೆ ರಂಗೋಲಿ ಪುಡಿ ಕೊಡಿಸಿದ. ಬರೆದರು ನೋಡ್ರಿ, ಭಲೆ! ಅವನು ಫೋಟೋ ಹೊಡೆದದ್ದೇ ಹೊಡೆದದ್ದು.

ಮರುದಿನ ಆ ಫೋಟೋ ಹಿಡಿದು ಊರು ಸುತ್ತಿದೆವು. ನಕಾಶೆಯಲ್ಲಿ ಬಾವಿ ನಾಲ್ಕು, ಊರಲ್ಲಿ ಒಂದೇ, ಅದೂ ಬತ್ತಿದ್ದು. ಬಿಸಿಲಲ್ಲಿ ನೆತ್ತಿ ಕಾದು, ನೀರು ಸಮಿತಿಯ ಅಧ್ಯಕ್ಷೆಯನ್ನು ಕೇಳಿದೆ: "ಉಳಿದ ಮೂರು ಬಾವಿ ಎಲ್ಲವ್ವಾ?"

"ಒಂದ ಮೂಲ್ಯಾಗ ಬಾವಿ ಹಾಕಿ ಮೂರು ಮೂಲಿ ಖಾಲಿ ಬಿಟ್ರ ರಂಗೋಲಿ ಚಂದ ಕಾಣ್ತೈತೇನ್ರಿ?" ಅಂದಳು.

ಶ್ರಮದಾನ

ಸಾಲ ಸಿಗಬೇಕಾದರೆ ಟ್ಯಾಂಕಿನ ಪಾಯ ಊರಿನವರೇ ತೋಡಬೇಕು ಅಂತ ನಿಯಮ. ಗಂಡಸರೆಲ್ಲ ಸಂಡೂರಿನ ಗಣಿಯಲ್ಲಿ ದುಡೀತಿದ್ದರು. ರಜೆ ಯಾರು ಕೊಡ್ತಾರೆ? ತಮ್ಮ ಬದಲು ಗಣಿಯ ಅಗೆಯೋ ಮಿಶನ್ನು ಕಳಿಸಿದರು. ನಾವು ಚಾ ಕುಡಿಯೋದರೊಳಗೆ ಪಾಯ ತಯಾರು.

ತಜ್ಞ ತಲೆ ಮೇಲೆ ಕೈ ಹೊತ್ತ. "ಎಷ್ಟು ಮಂದಿ ದುಡಿದರು ಅಂತ ಫಾರಮಿನಲ್ಲಿ ಬರೀಬೇಕು. ಒಬ್ಬ ಡ್ರೈವರ್ ಅಂತ ಬರೀಲಾ?"

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅಧ್ಯಕ್ಷೆ ಸೆರಗು ಸಿಕ್ಕಿಸಿಕೊಂಡು ಡ್ರೈವರಿಗೆ ಕೂಗಿದಳು: "ಲೇ, ಜಲ್ದಿ ಮುಚ್ಚಲೇ ಅದನ್ನ! ನಾವು ಕೈಲೆ ತೋಡ್ಬೇಕಂತ!"

ತುಂಬಿದ ಕೊಡ

ನೀರಿನ ಬರ ಎಷ್ಟಿದೆ ಅಂತ ತಜ್ಞ ಮನೆಮನೆ ನೋಡುವ ದಿನ ಬಂತು. ಹೋಗಿ ನೋಡಿದರೆ ಅಂಗಳಕ್ಕೆಲ್ಲ ನೀರು ಚಿಮುಕಿಸಿದ್ದಾರೆ, ಮನೆಮನೆಯಲ್ಲೂ ಕೊಡ ತುಂಬಿ ತುಳುಕ್ತಿದೆ. ಹೊಸ್ತಿಲಲ್ಲೇ ಕಾಲಿಗೆ ನೀರು, ಕೈಗೆ ತಂಬಿಗೆ! ತಜ್ಞ ‘ಕೊರತೆ ಇಲ್ಲ’ ಅಂತ ಬರೆಯೋಕೆ ಪೆನ್ನು ತೆಗೆದ. ನಾನು ಅವನ ಕೈ ಹಿಡಿದು ತಡೆದೆ.

"ಏನವ್ವಾ ಇದು?" ಅಂತ ಅಧ್ಯಕ್ಷೆಯನ್ನು ಕೇಳಿದೆ.

"ಗಣಿ ರಸ್ತೆಗೆ ಧೂಳು ಏಳದಂಗ ನೀರು ಹೊಡಿಯೋ ಟ್ಯಾಂಕರ್‌ನವನ ಕೈಕಾಲು ಹಿಡಿದು ತುಂಬಿಸ್ಕೊಂಡ್ವಿ. ಮನಿಗೆ ಬಂದೋರಿಗೆ ನೀರಿಲ್ಲ ಅಂತ ತೋರಿಸ್ತಾರೇನ್ರಿ?"

ತಜ್ಞನಿಗೆ ತಿಳಿಸಿ ಹೇಳಿದೆ. ಒಳ್ಳೆಯ ಮನುಷ್ಯ, ಪೆನ್ನು ಮುಚ್ಚಿದ. "ಮುಂದಿನ ವಾರ ದಿಲ್ಲಿಯಿಂದ ನಮ್ಮ ದೊಡ್ಡ ಅಧಿಕಾರಿ ಬರ್ತಾರೆ. ಸಹಿ ಅವರದ್ದೇ. ಅವತ್ತಾದರೂ ಕೊಡ ಖಾಲಿ ಇರಲಿ" ಅಂದ.

ಅಧ್ಯಕ್ಷೆ ಒಂದು ಷರತ್ತು ಹಾಕಿದಳು. "ಇಡ್ತೀವ್ರಿ. ಆದ್ರ ಸಾಹೇಬ್ರಿಗೆ ದಾರ್‍ಯಾಗ ಹೊಟ್ಟಿ ತುಂಬ ನೀರು ಕುಡಿಸಿ ಕರ್ಕೊಂಡ್ ಬರ್ರಿ. ನಮ್ಮ ಮನಿ ಮುಂದ ಅವರು ಕೇಳಿ, ನಾವು ಇಲ್ಲ ಅನ್ನೋದು ಮಾತ್ರ ಬ್ಯಾಡ."

ಹಾಗೇ ಮಾಡಿದೆ. ಮರಿಯಮ್ಮನಹಳ್ಳಿಯಲ್ಲಿ ಎರಡು ಬಾಟಲಿ ನೀರು, ಮೇಲೊಂದು ಎಳನೀರು, ಒತ್ತಾಯ ಮಾಡಿ ಕುಡಿಸಿದೆ. ಊರಿಗೆ ಬಂದು ಜೀಪಿನಿಂದ ಇಳಿದ ದೊಡ್ಡ ಸಾಹೇಬರು ಕೊಡವನ್ನೂ ನೋಡಲಿಲ್ಲ, ಬಾವಿಯನ್ನೂ ನೋಡಲಿಲ್ಲ. ಹೊಟ್ಟೆ ಹಿಡಿದುಕೊಂಡು ಶಾಲೆಯ ಪಾಯಖಾನೆಗೆ ಓಡಿದರು.

ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗು: "ಪಾನಿ! ಅರೇ, ಕೋಯಿ ಪಾನಿ ಲಾವೋ!"

ಊರಿನ ಕೊಡವೆಲ್ಲ ಖಾಲಿ, ತಜ್ಞ ಹೇಳಿದ ಹಾಗೇ. ಅಧ್ಯಕ್ಷೆ ಸೀದಾ ಹೋಗಿ ಬಾಗಿಲು ತಟ್ಟಿದಳು: "ಸಾಹೇಬ್ರ, ಸಹಿಗೆ ಟ್ಯಾಂಕಿನ ಕಾಗದ ಬಾಗಿಲ ಸಂದ್ಯಾಗ ಕೊಡ್ಲೇನ್ರಿ?"